ಅಕ್ಕ ರಷ್ಯಾದಲ್ಲಿ ಕೂತ ಜಾಗ

ಮುರ್ಮಾನ್ಸ್ಕ್ ಎಂಬ ಹೆಸರು ನನ್ನ ನಾಲಿಗೆಗೆ ಒಗ್ಗಲು ಹದಿನೈದು ದಿನ ಹಿಡಿಯಿತು. ಒಗ್ಗಿದ ಮೇಲೆ ಅದನ್ನು ಬಿಡಿಸುವುದು ಕಷ್ಟವಾಯಿತು. ಹೂವಿನ ಅಂಗಡಿಗೆ ಬಂದವರು ಒಂದು ಮೊಳ ಮಲ್ಲಿಗೆ ಕೇಳಿದರೆ ನಾನು ಮುರ್ಮಾನ್ಸ್ಕಿನ ಚಳಿ ಎಂಥದ್ದು ಎಂದು ಶುರುಮಾಡುತ್ತಿದ್ದೆ. "ಮೊದ್ಲು ಹೂವ ಕೊಟ್ಟು ಕಳ್ಸಿ, ಪಾಪ ನಿಂತಿದಾರೆ" ಎಂದು ನನ್ನ ಹೆಂಡತಿ ದಾಕ್ಷಾಯಣಿ ಒಳಗಿನಿಂದ ಹೇಳಬೇಕಾಗುತ್ತಿತ್ತು. ಪರದೇಶಕ್ಕೆ ಒಬ್ಬರನ್ನು ಕಳಿಸುವ ಆ ವರ್ಷದ ಸರದಿ ನಮ್ಮ ಮನೆಯದು. ಚೀಟಿ ಎತ್ತಿದಾಗ ಬಂದದ್ದು ರಷ್ಯಾ. ದೇಶ ಯಾವುದೆನ್ನುವುದು ಚೀಟಿಗೆ ಬಿಟ್ಟದ್ದು, ಆ ದೇಶದಲ್ಲಿ ಯಾವ ಊರು ಎನ್ನುವುದು ಮನೆಯವರಿಗೆ ಬಿಟ್ಟದ್ದು. ನಮ್ಮಲ್ಲಿ ಮೊದಲಿನಿಂದಲೂ ಹೀಗೇ ನಡೆದು ಬಂದಿದೆ.

ನಮ್ಮೂರಿನ ಪ್ರತಿ ಮನೆಯ ನಡುಮನೆಯಲ್ಲೂ ಹಲಗೆ ಬಡಿದು ಮುಚ್ಚಿದ ಒಂದು ಕಿಟಕಿ ಇರುತ್ತದೆ. ಮನೆಯವರಲ್ಲಿ ಒಬ್ಬರು ಪರದೇಶಕ್ಕೆ ಹೋಗಿ ಬಂದ ಮೇಲೆ ಆ ಹಲಗೆ ಕೀಳುತ್ತಾರೆ. ಹೋದವರು ಅಲ್ಲಿ ಯಾವ ಜಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತಿದ್ದರೋ ಆ ಜಾಗ ಕಿಟಕಿಗೆ ಬಂದು ನಿಲ್ಲುತ್ತದೆ. ಅಲ್ಲಿ ಮಳೆ ಬಂದರೆ ನಮ್ಮ ನಡುಮನೆಗೆ ಎರಚಲು, ಅಲ್ಲಿ ಬೆಳಗಾದರೆ ಇಲ್ಲಿ ಬೆಳಕು. ಕೈ ಚಾಚಿದರೆ ಮೊಣಕೈವರೆಗೆ ಹೋಗುತ್ತದೆ, ಅದರಾಚೆಗಿಲ್ಲ. ಅಲ್ಲಿಯವರಿಗೆ ನಾವು ಕಾಣುವುದಿಲ್ಲ. ಮಲಗಿದ್ದು, ನಿಂತದ್ದು, ನಡೆದದ್ದು ಯಾವುದೂ ಕಿಟಕಿಗೆ ಸೇರುವುದಿಲ್ಲ, ಕೂತದ್ದು ಮಾತ್ರ. ಒಂದು ಮನೆಗೆ ಒಂದು ಕಿಟಕಿ, ಒಂದು ಕಿಟಕಿಗೆ ಒಂದೇ ಸಲ. ಅದಕ್ಕೇ ನಮ್ಮೂರಲ್ಲಿ ಯಾರನ್ನೂ ಪ್ರವಾಸ ಹೋದರು ಎನ್ನುವುದಿಲ್ಲ. ಕೂರಲು ಹೋದರು ಎನ್ನುತ್ತಾರೆ.

ಹಾಗೆ ಹೋಗಿ ಚೆನ್ನಾಗಿ ಕೂತು ಬಂದವರೂ ಇದ್ದಾರೆ, ಕೆಟ್ಟವರೂ ಇದ್ದಾರೆ. ಕ್ಷೌರದ ತಿಪ್ಪೇಶಿಯ ಅಪ್ಪ ಜಪಾನಿನ ಒಂದು ಹೊಳೆಯ ದಂಡೆಯಲ್ಲಿ ಒಂಬತ್ತು ದಿನ ಮಿಸುಕದೆ ಕೂತು ಬಂದ. ವರ್ಷಕ್ಕೊಮ್ಮೆ ಅಲ್ಲಿನ ಮರಗಳು ಹೂಬಿಟ್ಟಾಗ ಇಡೀ ಬೀದಿ ತಿಪ್ಪೇಶಿಯ ಮನೆಯಲ್ಲಿರುತ್ತದೆ. ಅವನು ಕ್ಷೌರದ ಕುರ್ಚಿಯನ್ನೂ ಕಿಟಕಿಯ ಪಕ್ಕಕ್ಕೇ ಹಾಕಿಕೊಂಡಿದ್ದಾನೆ. ಗಿರಾಕಿಗಳು ಹೊಳೆಯ ಕಡೆಯಿಂದ ಮುಖ ತಿರುಗಿಸುವುದೇ ಇಲ್ಲ, ಹೀಗಾಗಿ ನಮ್ಮ ಬೀದಿಯ ಗಂಡಸರೆಲ್ಲರ ಎಡಗೆನ್ನೆ ಒಂದಿಷ್ಟು ಒರಟು. ಮೇಲಿನ ಬೀದಿಯ ಒಂದು ಮನೆಗೆ ಅರಬರ ಮರಳುಗಾಡು ಬಂದಿದೆ. ಊರಿನ ಹಪ್ಪಳ ಸಂಡಿಗೆ ಮೆಣಸಿನಕಾಯಿ ಒಣಗುವುದೆಲ್ಲ ಅವರ ನಡುಮನೆಯಲ್ಲೇ. ಕಾಳಿನ ಮಂಡಿಯವರ ಅವ್ವ ಮಾತ್ರ ಈಜಿಪ್ಟಿಗೆ ಹೋದ ದಿನವೇ ಹೊಟ್ಟೆ ಕೆಡಿಸಿಕೊಂಡು ಐದು ದಿನ ಎಲ್ಲಿ ಕೂರಬಾರದೋ ಅಲ್ಲಿ ಕೂತಳು. ಅವರ ಮನೆಯ ಕಿಟಕಿಯಲ್ಲಿ ಬಿಳೀ ಹೆಂಚಿನ ಗೋಡೆ, ಒಂದು ನಲ್ಲಿ. ಅದಕ್ಕೊಂದು ಪರದೆ ಬಿಟ್ಟಿದ್ದಾರೆ. ಪಾಪ, ಆ ಅವ್ವ ಸಾಯುವ ತನಕ ನಾಲ್ಕು ಜನದ ಮುಂದೆ ತಲೆ ಎತ್ತಲಿಲ್ಲ.

ನಮ್ಮ ಮನೆಯಲ್ಲಿ ಹಾಗಾಗಬಾರದು ಎಂದು ನಾನು ಹಟ ಹಿಡಿದಿದ್ದೆ. ಆದರೆ ಹೋಗುವವನು ನಾನಲ್ಲ. ಊರ ಗಡಿ ಒಮ್ಮೆಯೂ ದಾಟದವರೇ ಹೋಗಬೇಕು ಎಂಬುದು ನಿಯಮ. ನಾನು ಹೂ ತರಲು ವಾರಕ್ಕೆ ಮೂರು ಸಲ ಗಡಿ ದಾಟುವವನು. ದಾಕ್ಷಾಯಣಿ ಬೇರೆ ಊರಿಂದ ಬಂದ ಸೊಸೆ. ಉಳಿದವಳು ನನ್ನ ಅಕ್ಕ ಹಾಲಮ್ಮ. ಅವಳಿಗೆ ಆಗ ಐವತ್ತೆಂಟು. ಅಪ್ಪ ತೀರಿಕೊಂಡಾಗ ನನಗೆ ಆರು, ಅವಳಿಗೆ ಹದಿನೇಳು. ಅವ್ವ ಹಾಸಿಗೆ ಹಿಡಿದಳು. ಅಪ್ಪ ಕೂರುತ್ತಿದ್ದ ಮಣೆಯ ಮೇಲೆ ಅಕ್ಕ ಕೂತು ಹೂ ಕಟ್ಟಲು ಶುರುಮಾಡಿದವಳು ಆಮೇಲೆ ಏಳಲಿಲ್ಲ. ಹೊಳೆಯಾಚೆಯ ಊರಿಂದ ಒಂದು ಗಂಡು ಬಂದಿತ್ತಂತೆ. ತಮ್ಮನನ್ನು ಹಾಸ್ಟೆಲಿಗೆ ಹಾಕುವುದಾದರೆ ಲಗ್ನ ಮಾಡಿಕೊಳ್ಳುತ್ತೇವೆ ಎಂದರಂತೆ. ಆ ಮಾತು ಅಲ್ಲಿಗೇ ನಿಂತಿತು. ಇದನ್ನು ನನಗೆ ಹೇಳಿದ್ದು ಅವ್ವ. ಅಕ್ಕ ಯಾವತ್ತೂ ಆ ಸುದ್ದಿ ಎತ್ತಿದವಳಲ್ಲ.

ಅವಳು ಕೂರುವ ಮಣೆ ಆ ಮುಚ್ಚಿದ ಕಿಟಕಿಯ ಕೆಳಗೇ ಇತ್ತು. ನಾನು ನೋಡುತ್ತಿದ್ದುದು ಅಕ್ಕನನ್ನಲ್ಲ, ಕಿಟಕಿಯನ್ನು. ಬೇಸಿಗೆಯಲ್ಲಿ ಮೊಗ್ಗು ಪುಟ್ಟಿಗಟ್ಟಲೆ ಬರುತ್ತದೆ. ಒದ್ದೆ ಬಟ್ಟೆ ಹೊದಿಸಿದರೂ ಮಧ್ಯಾಹ್ನಕ್ಕೆ ಅರಳಿ, ಸಂಜೆಗೆ ಕಂದಿ, ಅರ್ಧ ಹೂ ತಿಪ್ಪೆಗೆ ಹೋಗುತ್ತದೆ. ನಡುಮನೆಯಲ್ಲೇ ಒಂದು ತಣ್ಣನೆಯ ಕಿಟಕಿ ಇದ್ದರೆ ಮೊಗ್ಗು ಮೂರು ದಿನ ಮೊಗ್ಗಾಗಿಯೇ ಉಳಿಯುತ್ತದೆ. ಚೀಟಿಯಲ್ಲಿ ರಷ್ಯಾ ಎಂದು ಓದಿದ ಕೂಡಲೇ ನನಗೆ ಹೊಳೆದದ್ದು ಇದೊಂದೇ. ಆ ದೇಶವೆಂದರೆ ಹನ್ನೆರಡು ತಿಂಗಳೂ ಹಿಮ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಚಿಕ್ಕವನಿದ್ದಾಗ ಅಲ್ಲಿಂದ ಬರುತ್ತಿದ್ದ ನುಣುಪು ಕಾಗದದ ಪತ್ರಿಕೆಗಳನ್ನು ನಮ್ಮ ಪಠ್ಯಪುಸ್ತಕಗಳಿಗೆ ಹೊದಿಕೆಯಾಗಿ ಹಾಕುತ್ತಿದ್ದೆವು. ಹಿಮದ ಚಿತ್ರವಿರುವ ಹಾಳೆಯೇ ಬೇಕೆಂದು ಜಗಳವಾಡಿ ಕಿತ್ತುಕೊಳ್ಳುತ್ತಿದ್ದೆವು. ಹಾಗಾಗಿ ನನ್ನ ಕಣ್ಣಿನಲ್ಲಿ ಉಳಿದದ್ದು ಹಿಮ ಮಾತ್ರ.

ಆ ಭ್ರಮೆ ಬಿಡಿಸಿದವರು ಭೂಗೋಳದ ದಾದಾಪೀರ್ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಊರಲ್ಲಿ ಯಾರ ಸರದಿ ಬಂದರೂ ಅಟ್ಲಾಸ್ ಕಂಕುಳಲ್ಲಿಟ್ಟುಕೊಂಡು ಹಾಜರಾಗುತ್ತಾರೆ. ಅವರು ಪ್ರಾಯದಲ್ಲಿ ಅಂಚೆಯ ಮೂಲಕ ರಷ್ಯನ್ ಕಲಿಯಲು ಹೋಗಿ ಅರ್ಧಕ್ಕೆ ಬಿಟ್ಟವರು. ನಮ್ಮ ಚೀಟಿ ಬಂದದ್ದು ಅವರಿಗೆ ಹಬ್ಬವಾಗಿತ್ತು. ನಡುಮನೆಯಲ್ಲಿ ಅಟ್ಲಾಸ್ ಬಿಚ್ಚಿ, "ಮಾಸ್ಕೋದಲ್ಲಿ ಜುಲೈ ತಿಂಗಳಲ್ಲಿ ಜನ ಬೆವರು ಒರೆಸ್ಕೊಂಡು ಐಸ್‌ಕ್ರೀಮ್ ತಿಂತಾರೆ ಮರುಳಪ್ಪ. ಸೋಚಿಯಲ್ಲಿ ಸಮುದ್ರ, ತಾಳೆಮರ. ವೋಲ್ಗಾಗ್ರಾದ್‌ನಲ್ಲಿ ನಮ್ಮೂರಿನಷ್ಟೇ ಸೆಕೆ" ಎಂದರು. "ಇಷ್ಟು ದೊಡ್ಡ ದೇಶದಲ್ಲಿ ಬೇಸಿಗೇಲೂ ತಣ್ಣಗಿರೋ ಒಂದೂರು ಇಲ್ವಾ ಮೇಷ್ಟ್ರೇ?" ಎಂದು ಕೇಳಿದೆ. ಅವರು ಬೆರಳನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಒಯ್ದು ಹಾಳೆಯ ತುದಿಯಲ್ಲಿ ನಿಲ್ಲಿಸಿದರು. ಅದೇ ಮುರ್ಮಾನ್ಸ್ಕ್. ಬಂದರು, ಹೆಪ್ಪುಗಟ್ಟದ ಸಮುದ್ರ, ಬೇಸಿಗೆಯಲ್ಲಿ ಹದವಾದ ಚಳಿ. ಮಲ್ಲಿಗೆಗೆಂದೇ ಯಾರೋ ಕಟ್ಟಿಸಿದ ಊರು ಎನಿಸಿತು ನನಗೆ.

ಬೀದಿಯವರು ಸುಮ್ಮನಿರುತ್ತಾರೆಯೇ. ನಮ್ಮೂರಲ್ಲಿ ಒಬ್ಬರ ಕಿಟಕಿ ಎಂದರೆ ಹತ್ತು ಮನೆಯವರ ಕಿಟಕಿ. ಒಂದು ತಿಂಗಳು ನಮ್ಮ ಮನೆಯಲ್ಲಿ ರಷ್ಯಾದ ಊರುಗಳದ್ದೇ ಮಾತು. ತಿಪ್ಪೇಶಿ ಪೀಟರ್ಸ್‌ಬರ್ಗ್ ಎಂದು ಪಟ್ಟು ಹಿಡಿದ. ಹೊಳೆ, ಅದರ ಮೇಲೆ ಎದ್ದು ನಿಲ್ಲುವ ಸೇತುವೆ, ದಂಡೆಯುದ್ದಕ್ಕೂ ಅರಮನೆ, ಜೂನ್ ತಿಂಗಳಲ್ಲಿ ರಾತ್ರಿಯೂ ಬೆಳಕು. "ಒಂದು ಹೊಳೆ ನಿನ್ನ ಮನೇಲೇ ಇದೆಯಲ್ಲಪ್ಪ" ಎಂದರೆ, "ಅದು ನೋಡಿ ನೋಡಿ ಸಾಕಾಗಿದೆ ಕಣಣ್ಣ" ಎಂದ. ದಾಕ್ಷಾಯಣಿಗೆ ಮಾಸ್ಕೋದ ನೆಲದೊಳಗಿನ ರೈಲು ನಿಲ್ದಾಣ ಬೇಕಿತ್ತು. ಅಮೃತಶಿಲೆಯ ಕಂಬ, ತೂಗುದೀಪ, ಅದಕ್ಕಿಂತ ಹೆಚ್ಚಾಗಿ ನಿಮಿಷಕ್ಕೊಮ್ಮೆ ಬಂದು ಹೋಗುವ ಜನ. "ಮನುಷ್ಯರ ಮುಖ ಕಾಣಬೇಕು ಕಣ್ರೀ ಕಿಟಕೀಲಿ. ನಿಮ್ಮ ಮುರ್ಮಾನ್ಸ್ಕ್‌ನಲ್ಲಿ ನಲವತ್ತು ದಿನ ಸೂರ್ಯನೇ ಹುಟ್ಟಲ್ಲವಂತೆ. ಕತ್ತಲು ನೋಡ್ಕೊಂಡು ರೊಟ್ಟಿ ತಟ್ಟಬೇಕಾ ನಾನು?" ಎಂದಳು. ಮೇಷ್ಟ್ರು ಎಲ್ಲರ ಮಾತು ಕೇಳಿಸಿಕೊಂಡು ಕೊನೆಗೆ ಮೆಲ್ಲಗೆ ಕಜಾನ್ ಎಂದರು. ಒಂದೇ ಕೋಟೆಯೊಳಗೆ ಮಸೀದಿಯೂ ಇದೆ, ಚರ್ಚೂ ಇದೆ, ಒಂದರ ನೆರಳು ಒಂದರ ಮೇಲೆ ಬೀಳುತ್ತದೆ, ತಾನು ಸಾಯುವ ಮೊದಲು ಅದನ್ನು ನೋಡಬೇಕು ಎಂದರು. ನನಗೆ ಮನಸ್ಸು ಕರಗಿತು. ಆದರೆ ಕಜಾನಿನಲ್ಲೂ ಬೇಸಿಗೆಗೆ ಸೆಕೆಯೇ.

ಇಷ್ಟೂ ದಿನ ಅಕ್ಕ ಅದೇ ಮಣೆಯ ಮೇಲೆ, ಮಡಿಲಲ್ಲಿ ಬಾಳೆನಾರು, ಎದುರಿಗೆ ಮೊಗ್ಗಿನ ಪುಟ್ಟಿ, ಎರಡು ಮೊಗ್ಗು ಈ ಕಡೆಗೆ ಎರಡು ಆ ಕಡೆಗೆ ಇಟ್ಟು ಗಂಟು ಹಾಕುತ್ತ ಕೂತಿದ್ದಳು. ಅವಳ ತಲೆಯ ಮೇಲಿಂದ ನಾವು ಊರುಗಳನ್ನು ಎಸೆದಾಡುತ್ತಿದ್ದೆವು. ಹೋಗುವವಳು ಅವಳು ಎಂಬುದು ಯಾರಿಗೂ ನೆನಪಿರಲಿಲ್ಲ ಎಂದರೂ ತಪ್ಪಲ್ಲ. ಒಂದು ದಿನ ಅವಳೇ ಕೇಳಿದಳು. "ಅಲ್ಲೋ ಮರುಳ, ಅಲ್ಲಿಗೆ ಹೋದ್ಮೇಲೆ ಕೂತೇ ಇರಬೇಕಾ? ಊರೊಳಗೆ ಒಂದು ಸುತ್ತು ಹಾಕಂಗಿಲ್ವಾ?"

"ಸುತ್ತಾಡಿದ್ರೆ ಕೂತಿದ್ದು ಕಮ್ಮಿ ಆಗುತ್ತಲ್ಲಕ್ಕ" ಎಂದೆ. "ಇರೋದೇ ಹನ್ನೆರಡು ದಿನ. ನೋಡೋದೇನಿದ್ರೂ ಬಂದ್ಮೇಲೆ ಕಿಟಕೀಲಿ ನೋಡ್ಕೊಂಡ್ರಾಯ್ತು. ಕಿಟಕಿ ಎಲ್ಲಿಗೂ ಹೋಗಲ್ಲ."

"ಅದೂ ಸರಿ ಅನ್ನು" ಎಂದು ಅಕ್ಕ ಗಂಟು ಬಿಗಿದಳು. ಮೇಷ್ಟ್ರು ಅವಳ ಕಡೆ ಒಂದು ಗಳಿಗೆ ನೋಡಿ ಅಟ್ಲಾಸ್ ಮಡಚಿದರು. ಮುರ್ಮಾನ್ಸ್ಕ್ ಎಂದು ನಾನು ಊರ ಕಚೇರಿಯಲ್ಲಿ ಬರೆಸಿ ಬಂದೆ.

ಕೂರಲು ಹೋಗುವವರು ಒಂದು ತಿಂಗಳು ಮೊದಲೇ ಅಭ್ಯಾಸ ಮಾಡುವುದು ನಮ್ಮಲ್ಲಿ ವಾಡಿಕೆ. ಕೆರೆಯ ಮೆಟ್ಟಿಲ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಾರೆ, ಹಿರಿಯರು ಬಂದು ನೋಡಿ ಬೆನ್ನು ನೆಟ್ಟಗೆ ಮಾಡಿಸಿ ಹೋಗುತ್ತಾರೆ. ಅಕ್ಕನನ್ನು ಕಳಿಸಿ ಎಂದು ಹೇಳಿಕಳಿಸಿದಾಗ ನಾನು ನಕ್ಕುಬಿಟ್ಟೆ. "ನಮ್ಮಕ್ಕಂಗೆ ಅಭ್ಯಾಸ ಯಾಕೆ ಬೇಕು, ನಲವತ್ತು ವರ್ಷದಿಂದ ಕೂತೇ ಇದಾಳಲ್ಲ" ಎಂದೆ. ಬಂದವರೂ ನಕ್ಕರು. ಅಕ್ಕ ನಗಲಿಲ್ಲ. ಆ ಮಾತು ಈಗಲೂ ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ.

ಹೊರಡುವ ತಯಾರಿಯೆಲ್ಲ ನನ್ನದೇ. ಹತ್ತಿಯ ಮೆತ್ತೆ ಹೊಲಿಸಿದೆ, ಎರಡು ಸ್ವೆಟರ್, ಉಲ್ಲನ್ ಟೋಪಿ, ಅವಲಕ್ಕಿ, ಚಟ್ನಿಪುಡಿ. ಮಾಸ್ಕೋದಲ್ಲಿ ಇಳಿದು ಉತ್ತರದ ರೈಲು ಹತ್ತಬೇಕು, ಬಂದರಿನ ಎದುರಿನ ಬೆಂಚಿನಲ್ಲಿ ಎಂಟು ದಿನ ಕೂರಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಮೂರು ಸಲ ಓದಿ ಹೇಳಿದೆ. ಮೇಷ್ಟ್ರು ರಷ್ಯನ್ ಅಕ್ಷರದಲ್ಲಿ ಒಂದು ರಟ್ಟಿನ ಕಾರ್ಡು ಬರೆದುಕೊಟ್ಟರು. "ನಾನು ಕೂರಲು ಬಂದಿದ್ದೇನೆ. ದಯವಿಟ್ಟು ಎಬ್ಬಿಸಬೇಡಿ" ಎಂದು ಅದರ ಅರ್ಥ. ನಮ್ಮೂರಿಂದ ಹೋಗುವವರೆಲ್ಲರ ಕೊರಳಲ್ಲೂ ಆಯಾ ದೇಶದ ಭಾಷೆಯಲ್ಲಿ ಇದೊಂದು ಕಾರ್ಡು ಇರುತ್ತದೆ. ಬಸ್ಸು ಹತ್ತುವಾಗ ಅಕ್ಕ ನನ್ನ ತಲೆ ಸವರಿ, "ಹೂವಿಗೆ ನೀರು ಚಿಮುಕಿಸ್ತಾ ಇರೋ. ಮರೀಬೇಡ" ಎಂದಳು. ಬಸ್ಸು ಗಡಿಕಲ್ಲು ದಾಟುವಾಗ ಅವಳು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಆ ಕಲ್ಲನ್ನು ತಿರುತಿರುಗಿ ನೋಡುತ್ತಿದ್ದುದು ನನಗೆ ದೂರದಿಂದ ಕಂಡಿತು.

ಹದಿಮೂರನೆಯ ದಿನ ಬಂದಳು. ಮುಖ ಬಿಸಿಲಿಗೆ ಬಾಡಿತ್ತು, ಕಾಲು ಊದಿಕೊಂಡಿತ್ತು, ಚಪ್ಪಲಿ ಸವೆದುಹೋಗಿತ್ತು. ಕೂತು ಬಂದವಳ ಚಪ್ಪಲಿ ಯಾಕೆ ಸವೆಯಬೇಕು ಎಂದು ನನಗೆ ಹೊಳೆಯಬೇಕಿತ್ತು. ನನ್ನ ಮನಸ್ಸೆಲ್ಲ ಹಲಗೆಯ ಮೇಲಿತ್ತು. ಮಾರನೆಯ ಬೆಳಗ್ಗೆ ಬೀದಿಯವರೆಲ್ಲ ನಡುಮನೆಯಲ್ಲಿ ಸೇರಿದರು. ನಾನು ಏಳು ಪುಟ್ಟಿ ಮೊಗ್ಗು ತರಿಸಿ ಗೋಡೆಯುದ್ದಕ್ಕೂ ಸಾಲಾಗಿ ಇಡಿಸಿದ್ದೆ. ದಾಕ್ಷಾಯಣಿ ಶಾಲು ಹೊದ್ದುಕೊಂಡು ನಿಂತಿದ್ದಳು. ಬಡಗಿ ಮೊಳೆ ಕಿತ್ತು ಹಲಗೆ ಎಳೆದ.

ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಚಹಾದ ವಾಸನೆ, ಬೇಯಿಸಿದ ಮೊಟ್ಟೆಯ ವಾಸನೆ. ಕಿಟಕಿಯ ನಟ್ಟನಡುವೆ, ಮೇಲಿನ ಮಂಚವೊಂದರಿಂದ, ಬೂದು ಬಣ್ಣದ ಉಲ್ಲನ್ ಕಾಲುಚೀಲ ಹಾಕಿದ ಎರಡು ಪಾದ ನೇತಾಡುತ್ತಿದ್ದವು. "ಆಸ್ಪತ್ರೆ ಇರಬೇಕು" ಎಂದು ಯಾರೋ ಪಿಸುಗುಟ್ಟಿದರು. ಕಾಳಿನ ಮಂಡಿಯವರ ಮಗ ನನ್ನ ಭುಜ ಹಿಡಿದು, ಪರದೆ ಬಟ್ಟೆ ಬೇಕಾದರೆ ನಮ್ಮಲ್ಲಿ ಉಳಿದಿದೆ ಎಂದ. ಅಷ್ಟರಲ್ಲಿ ಎಲ್ಲ ಒಮ್ಮೆ ಜಗ್ಗಿದಂತಾಯಿತು. ಪುಟ್ಟ ಮೇಜಿನ ಮೇಲೆ ಲೋಹದ ಹಿಡಿಕೆಯ ಲೋಟ ಕಿಣಿಕಿಣಿ ಅಂದಿತು, ಅದರಾಚೆಯ ಗಾಜಿನಲ್ಲಿ ಬಿಳಿ ತೊಗಟೆಯ ಮರಗಳು ಓಡತೊಡಗಿದವು. ಮರಗಳು ಓಡುವ ಕಿಟಕಿಯನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. ಇಬ್ಬರು ಗೋಡೆ ಹಿಡಿದುಕೊಂಡರು.

"ಎಲ್ಲಿ ಕೂತೆ ನೀನು?" ಎಂದು ಕೇಳಿದೆ.

"ರೈಲಲ್ಲಿ" ಎಂದಳು ಅಕ್ಕ. "ಮಾಸ್ಕೋದಲ್ಲಿ ಹತ್ತಿದೆ. ಆ ಕಡೆ ತುದಿಗೆ ಹೋಗಾಕೆ ಏಳು ದಿನ, ಬರಾಕೆ ವಿಮಾನ. ನೀನು ಕೂತ್ಕೊ ಅಂದಿದ್ದೆ, ಕೂತೆ. ಒಂದೇ ಜಾಗದಲ್ಲಿ ಕೂತೆ ಮರುಳ, ಅಲ್ಲಾಡಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ಆ ರೈಲಿನ ಶಾಖಕ್ಕೆ ಏಳು ಪುಟ್ಟಿ ಮೊಗ್ಗೂ ಅರಳಿ ನಡುಮನೆಯೆಲ್ಲ ಘಮಘಮ ಎನ್ನುತ್ತಿತ್ತು. ಇಷ್ಟು ಒಳ್ಳೆಯ ವಾಸನೆಗೆ ನಾನು ಅಷ್ಟು ಸಿಟ್ಟಾದದ್ದು ಅದೊಂದೇ ದಿನ. ಸೀದಾ ಮೇಷ್ಟ್ರ ಮನೆಗೆ ಹೋದೆ. ಅಕ್ಷರ ಗುರುತಿಲ್ಲದ ಹೆಂಗಸು ತಾನಾಗಿ ಬೇರೆ ರೈಲು ಹತ್ತುವುದಿಲ್ಲ, ಹತ್ತಿಸಿದವರು ಯಾರೆಂದು ನನಗೆ ಗೊತ್ತಿತ್ತು.

ಮೇಷ್ಟ್ರು ಅಲ್ಲಗಳೆಯಲಿಲ್ಲ. ಮಂಚದ ಮೇಲೆ ಜಾಗ ಮಾಡಿಕೊಟ್ಟು ಹೇಳಿದರು. "ನೀನು ಕಚೇರಿಗೆ ಬರೆಸಿ ಬಂದ ಮಾರನೇ ದಿನ ಹಾಲಮ್ಮ ಬಂದಿದ್ರು. ಮೇಷ್ಟ್ರೇ, ಎಲ್ಲಾರೂ ಆ ಊರು ಚೆಂದ ಈ ಊರು ಚೆಂದ ಅಂತಾರೆ, ನಾನು ಒಂದೂರೂ ನೋಡಿದವಳಲ್ಲ, ನಂಗೆ ಆರಿಸಾಕೆ ಹೆಂಗೆ ಬರುತ್ತೆ, ಎಲ್ಲಾ ಊರೂ ಒಂದೊಂದ್ ಚೂರು ಕಾಣಂಗೆ ಎಲ್ಲಾದ್ರೂ ಕೂರಬಹುದಾ ಅಂತ ಕೇಳಿದ್ರು. ಮೂವತ್ತು ವರ್ಷ ಪಾಠ ಮಾಡಿದೀನಿ ಮರುಳಪ್ಪ, ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ರೈಲಿದೆ ಅಂತ ಹೇಳ್ದೆ. ಕಚೇರಿಯವರಿಗೆ ಹೇಳಿ ಬದಲಾಯಿಸಿದೋನೂ ನಾನೇ. ಬೈಯೋದಿದ್ರೆ ನನ್ನ ಬೈ." ನಾನು ಬೈಯಲು ಬಾಯಿ ತೆರೆದೆ. ಅವರು ಮುಂದುವರಿಸಿದರು. "ಇನ್ನೊಂದಿದೆ. ಇನ್ನೊಂದು ಕಾರ್ಡೂ ಬರೆಸ್ಕೊಂಡು ಹೋಗಿದಾರೆ ಅವರು. ನಾನು ನಡೆಯಲು ಬಂದಿದ್ದೇನೆ, ದಯವಿಟ್ಟು ದಾರಿ ತೋರಿಸಿ ಅಂತ." ಈ ಮಾತು ನನಗೆ ಆಗ ಅರ್ಥವಾಗಲಿಲ್ಲ. ರೈಲಲ್ಲಿ ಕೂತವಳು ಎಲ್ಲಿ ನಡೆದಾಳು ಎಂದುಕೊಂಡು ಎದ್ದು ಬಂದೆ.

ಹತ್ತು ದಿನ ನಾನು ಅಕ್ಕನ ಜೊತೆ ಮಾತಾಡಲಿಲ್ಲ. ನಾನು ಮಾತಾಡದಿದ್ದುದು ಮನೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ, ಅಷ್ಟು ಜನ ಸೇರುತ್ತಿದ್ದರು. ಕಿಟಕಿಯೊಳಗೆ ರೈಲಿನ ಎದುರು ಮಂಚಕ್ಕೆ ಹೊಸ ಹೊಸ ಜನ ಬಂದು ಕೂರುತ್ತಿದ್ದರು, ಇಳಿದು ಹೋಗುತ್ತಿದ್ದರು. ಸೌತೆಕಾಯಿ ಹೆಚ್ಚಿ ಹಂಚುವ ದಪ್ಪನೆಯ ಹೆಂಗಸು, ಇಡೀ ದಿನ ನಿದ್ದೆ ಮಾಡುವ ಸೈನಿಕ, ಮೊಮ್ಮಗುವಿಗೆ ಕಾಲುಚೀಲ ಹೆಣೆಯುವ ಅಜ್ಜಿ. ಮಾತು ತಿಳಿಯದಿದ್ದರೂ ದಾಕ್ಷಾಯಣಿಗೆ ಎಲ್ಲರ ಸಂಸಾರವೂ ಗೊತ್ತಾಗುತ್ತಿತ್ತು. ಸೈನಿಕನಿಗೆ ಮನೆಯಲ್ಲಿ ಹೆಣ್ಣು ನೋಡಿದ್ದಾರೆ, ಅವನಿಗೆ ಇಷ್ಟವಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳುತ್ತಿದ್ದಳು. ತಿಪ್ಪೇಶಿ ಹೊಳೆಗಳನ್ನು ಎಣಿಸುತ್ತಿದ್ದ. ಒಂದು ದಿನ ಕಜಾನಿನ ಹೆಸರಾದರೂ ಬರುತ್ತದೆಯೇ ಎಂದು ನಾನು ಮೇಷ್ಟ್ರನ್ನು ಕೇಳಿದರೆ ಈ ರೈಲು ಆ ದಾರಿಯಲ್ಲಿ ಹೋಗುವುದಿಲ್ಲ ಎಂದರು. ಅವರ ಮುಖದಲ್ಲಿ ಬೇಸರವಿರಲಿಲ್ಲ, ಅವರು ಬಂದಾಗಲೆಲ್ಲ ಓಮ್ಸ್ಕ್, ಇರ್ಕುತ್ಸ್ಕ್ ಎಂದು ನಿಲ್ದಾಣದ ಫಲಕ ಓದಿ ಹೇಳುವುದರಲ್ಲಿ ಮುಳುಗಿರುತ್ತಿದ್ದರು. ದೊಡ್ಡ ಸರೋವರ ಬಂದ ಮಧ್ಯಾಹ್ನ ಬೀದಿಯಲ್ಲಿ ಯಾರ ಮನೆಯ ಒಲೆಯೂ ಹೊತ್ತಲಿಲ್ಲ.

ಇನ್ನೊಂದು ಸಂಗತಿಯನ್ನು ನಾನು ಸಿಟ್ಟಿನಲ್ಲೂ ಗಮನಿಸದೆ ಇರಲಾಗಲಿಲ್ಲ. ಅಕ್ಕ ಹೂ ಕಟ್ಟುವಾಗ ಮಲ್ಲಿಗೆಯ ವಾಸನೆ ಆ ಕಡೆಗೆ ಹೋಗುತ್ತಿತ್ತು. ಎದುರು ಕೂತವರು ತಿನ್ನುವುದನ್ನು ನಿಲ್ಲಿಸಿ ಮೂಗು ಅರಳಿಸುತ್ತಿದ್ದರು, ಚೀಲದಲ್ಲಿ, ಮಂಚದ ಕೆಳಗೆ ಹುಡುಕುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿ ಏನೋ ಕೇಳುತ್ತಿದ್ದರು. ಸಿಗದಿದ್ದಾಗ ಸುಮ್ಮನೆ ಕೂತು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದರು. ನಾನು ಮೂವತ್ತು ವರ್ಷದಿಂದ ಹೂ ಮಾರಿದ್ದೇನೆ. ನಮ್ಮ ಹೂವನ್ನು ಯಾರೂ ಹಾಗೆ ಹುಡುಕಿದ್ದನ್ನು ನೋಡಿರಲಿಲ್ಲ. ಆ ಹೊತ್ತಿಗೆ ನನ್ನ ಸಿಟ್ಟು ಅರ್ಧ ಇಳಿದಿತ್ತು ಎಂದು ಕಾಣುತ್ತದೆ. ಮೊಗ್ಗಿನ ಪುಟ್ಟಿಗಳನ್ನು ಹಿತ್ತಿಲ ಮನೆಗೆ ಸಾಗಿಸಿ ಮೊದಲಿನ ಹಾಗೆ ಒದ್ದೆ ಬಟ್ಟೆ ಹೊದಿಸಿದೆ.

ರೈಲು ಕೊನೆಯ ಊರು ಮುಟ್ಟಿದ ದಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವ್ಲಾದಿವೊಸ್ತೋಕ್, ಸಮುದ್ರದ ದಂಡೆಯ ಊರು, ದೇಶ ಅಲ್ಲಿಗೆ ಮುಗಿಯುತ್ತದೆ ಎಂದು ಮೇಷ್ಟ್ರು ಹಿಂದಿನ ದಿನದಿಂದಲೇ ಆಸೆ ಹುಟ್ಟಿಸಿದ್ದರು. ಗಾಡಿ ನಿಧಾನವಾಯಿತು, ನಿಂತಿತು. ಮಂಚದ ಮೇಲಿದ್ದವರು ಕೋಟು ಹಾಕಿಕೊಂಡು ಇಳಿದರು. ಗಾಜಿನಲ್ಲಿ ಉಳಿದದ್ದು ನಿಲ್ದಾಣದ ಒಂದು ಗೋಡೆ, ಒಂದು ಕಬ್ಬಿಣದ ಕಂಬ. ಕಂಬದ ಆಚೆಯಿಂದ ಬೆಳಕು ಬರುತ್ತಿತ್ತು, ಹಕ್ಕಿಯ ಕೂಗು ಕೇಳುತ್ತಿತ್ತು, ಊರು ಕಾಣುತ್ತಿರಲಿಲ್ಲ. ಜನ ಬಗ್ಗಿದರು, ಕತ್ತು ವಾಲಿಸಿದರು. ತಿಪ್ಪೇಶಿ ಕೈ ಹಾಕಿ ಏನನ್ನೋ ಸರಿಸಲು ನೋಡಿದ. ಅವನ ಕೈ ಮೊಣಕೈಗೇ ನಿಂತಿತು.

"ಅಕ್ಕ, ಈ ಊರಲ್ಲಿ ನೀವು ಎಷ್ಟೊತ್ತು ಇದ್ರಿ?" ಎಂದು ದಾಕ್ಷಾಯಣಿ ಕೇಳಿದಳು.

"ಒಂದೂವರೆ ದಿನ" ಎಂದಳು ಅಕ್ಕ. ಅವಳು ಕಿಟಕಿಗೆ ಬೆನ್ನು ಹಾಕಿ ಕಟ್ಟುತ್ತಿದ್ದಳು.

"ಎಲ್ಲಿ ಕೂತಿದ್ರಿ?"

"ಕೂರಲೇ ಇಲ್ಲ."

"ಒಂದೂವರೆ ದಿನ ಎಲ್ಲೂ ಕೂರಲಿಲ್ವಾ?"

"ಕೂರಲಿಲ್ಲ. ನಡೆದೆ. ಸುಸ್ತಾದಾಗ ನಿಂತ್ಕೊಂಡೆ. ನಿಂತ್ಕೊಂಡೇ ಉಂಡೆ. ಹೋಟೆಲಿನೋರು ಕುರ್ಚಿ ತಂದು ತಂದು ಹಾಕೋರು, ನಾನು ಬೇಡ ಅನ್ನೋಳು."

ಹತ್ತು ದಿನದ ಮೌನ ಮರೆತು ನಾನು ಬಾಯಿ ಹಾಕಿದೆ. "ಅಲ್ಲಕ್ಕ, ರೈಲಲ್ಲಿ ಏಳು ದಿನ ಕೂತಿದ್ದೆ. ಅಲ್ಲಿ ಒಂದು ಗಂಟೆ ಕೂತಿದ್ರೆ ಕಿಟಕಿ ಏನು ಬದಲಾಗ್ತಿರಲಿಲ್ಲ. ಕಾಲು ಊದಿಸ್ಕೊಂಡು ಯಾಕೆ ನಿಂತೆ?"

"ಗೊತ್ತು ಕಣೋ ನಂಗೆ" ಎಂದಳು ಅಕ್ಕ. "ಬದಲಾಗಲ್ಲ ಅಂತ ಗೊತ್ತಿತ್ತು. ಆದ್ರೂ ಕೂರಲಿಲ್ಲ."

ತಿಪ್ಪೇಶಿಗೆ ತಡೆಯಲಾಗಲಿಲ್ಲ. "ಹಾಲಮ್ಮಕ್ಕ, ಆ ಕಂಬದ ಆಚೆ ಏನೈತೆ ಹೇಳಬಾರದಾ? ಸಮುದ್ರ ಕಾಣುತ್ತಾ? ಬೀದಿ ಹೆಂಗವೆ?" ಎಂದು ಕೇಳಿದ.

ಅಕ್ಕ ನಾರನ್ನು ಹಲ್ಲಿನಿಂದ ಕಡಿದಳು. ಏನನ್ನೋ ನೆನಪು ಮಾಡಿಕೊಂಡವಳ ಹಾಗೆ ಅವಳ ಮುಖ ಅರಳಿತು. ನಾನು ಹುಟ್ಟಿದಾಗಿನಿಂದ ನೋಡಿದ ಮುಖ ಅದು, ಅಂಥ ಅರಳುವಿಕೆ ಒಮ್ಮೆಯೂ ಕಂಡಿರಲಿಲ್ಲ. ಹೇಳುತ್ತಾಳೆ ಎಂದು ಎಲ್ಲರೂ ಮುಂದೆ ಬಾಗಿದರು. ಅವಳು ಎರಡು ಮೊಗ್ಗು ತೆಗೆದುಕೊಂಡು, "ಊರೈತೆ" ಎಂದಷ್ಟೇ ಹೇಳಿ ಮುಂದಿನ ಗಂಟು ಹಾಕಿದಳು.

ನನಗೆ ಆಗ ನಾಚಿಕೆಯಾಯಿತು. ನಮ್ಮೂರಲ್ಲಿ ಹೋಗಿ ಬಂದವರು ನೋಡಿದ್ದೆಲ್ಲ ಎಲ್ಲರ ಪಾಲಾಗುತ್ತದೆ, ಅದನ್ನೇ ನಾವು ದೊಡ್ಡದೆಂದು ಹೇಳಿಕೊಳ್ಳುತ್ತೇವೆ. ಅಕ್ಕ ಹುಟ್ಟಿದಂದಿನಿಂದ ತನ್ನದೆಂದು ಏನನ್ನು ಇಟ್ಟುಕೊಂಡಿದ್ದಳು ಎಂದು ಯೋಚಿಸಿದೆ. ಅವಳ ಪ್ರಾಯ ಅವ್ವನಿಗೆ ಹೋಯಿತು, ಲಗ್ನ ನನಗೆ ಹೋಯಿತು, ಬೆನ್ನು ಅಂಗಡಿಗೆ ಹೋಯಿತು. ಏಳು ದಿನದ ರೈಲನ್ನೂ ತಂದು ನಡುಮನೆಗೆ ಒಪ್ಪಿಸಿದಳು. ಒಂದೂವರೆ ದಿನವನ್ನು ಮಾತ್ರ ಊದಿದ ಕಾಲಿನ ಮೇಲೆ ನಿಂತು ಉಳಿಸಿಕೊಂಡಳು.

ಆ ರೈಲುಗಾಡಿ ಈಗಲೂ ಹೋಗುತ್ತದೆ, ಬರುತ್ತದೆ. ಕೊನೆಯ ಊರು ಬಂದಾಗಲೆಲ್ಲ ಜನ ಆ ಕಂಬದ ಅಂಚಿಗೆ ಇಣುಕುತ್ತಾರೆ, ಆಮೇಲೆ ಅಕ್ಕನ ಕಡೆ ತಿರುಗುತ್ತಾರೆ. ಕೇಳಬೇಡಿ ಎಂದು ನಾನು ಕಣ್ಣಲ್ಲೇ ಹೇಳುತ್ತೇನೆ. ಅಕ್ಕ ಆಗ ಹೂವನ್ನು ಪುಟ್ಟಿಯಲ್ಲಿಟ್ಟು, ಸೊಂಟ ಹಿಡಿದು ಎದ್ದು, ಯಾರನ್ನೂ ಕರೆಯದೆ ಹಿತ್ತಿಲಿಗೆ ಹೋಗುತ್ತಾಳೆ. ಅಲ್ಲಿ ಒಬ್ಬಳೇ ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ. ಅವಳು ಯಾವ ಬೀದಿಯಲ್ಲಿದ್ದಾಳೆ, ಎಲ್ಲಿ ತಿರುಗಿದಳು, ಎಲ್ಲಿ ನಿಂತಳು ಎಂದು ನನಗೆ ಗೊತ್ತಾಗುವುದಿಲ್ಲ. ಅವಳು ಬರುವ ತನಕ ಅವಳ ಮಣೆಯ ಮೇಲೆ ಕೂತು ಹೂ ಕಟ್ಟುತ್ತಿರುತ್ತೇನೆ.